ಹೊರಮಾವಿನ ಅರ್ಧ ಸಿನಿಮಾ ವಿಮರ್ಶಕರು

ಹೊರಮಾವಿನ ಮುನಿನಾರಾಯಣಪ್ಪನವರು ಒಂದು ಕಾಲದಲ್ಲಿ ಟಿವಿಯಲ್ಲಿ ಸಿನಿಮಾ ವಿಮರ್ಶೆ ಮಾಡುತ್ತಿದ್ದರು ಎಂದರೆ ಅವರ ಮಹಡಿಯ ಮೇಲೆ ಬಾಡಿಗೆಗಿರುವವರು ನಂಬುವುದಿಲ್ಲ. ಪಟ್ಟೆಪಟ್ಟೆ ಚಡ್ಡಿ, ಮೇಲೊಂದು ಬನಿಯನ್ ಹಾಕಿಕೊಂಡು, ಬೆಳಗಾದರೆ ಸಂಪಿನ ಮುಚ್ಚಳ ಎತ್ತಿ ನೀರು ಎಷ್ಟಿದೆ ಎಂದು ಇಣುಕುವ ಮನುಷ್ಯ ಹಿಂದೊಮ್ಮೆ ನಟನಟಿಯರ ಹಣೆಬರಹ ಬರೆಯುತ್ತಿದ್ದರೆಂದು ನಂಬುವುದು ಕಷ್ಟವೇ. ಆದರೆ ಊರಿನ ಹಳಬರಿಗೆ ಅದೆಲ್ಲ ಚೆನ್ನಾಗಿ ನೆನಪಿದೆ. ನೆನಪಿರುವುದೇ ತೊಂದರೆ.

ಅದು ತೊಂಬತ್ತಾರು, ತೊಂಬತ್ತೇಳರ ಮಾತು. ಆಗ ಹೊರಮಾವಿನಲ್ಲಿ ಅಪಾರ್ಟ್‌ಮೆಂಟುಗಳಿರಲಿಲ್ಲ. ರಾಗಿ ಹೊಲ, ಸೊಪ್ಪಿನ ಮಡಿ, ನಡುನಡುವೆ ಯಾರೋ ಕೊಂಡು ಬೇಲಿ ಹಾಕಿ ಮರೆತುಹೋದ ಸೈಟುಗಳು. ಶಿವಾಜಿನಗರದ ಅಸ್ಗರ್ ಕೇಬಲ್ ಟಿವಿಯ ವೈರು ಎಳೆದುಕೊಂಡು ಊರೊಳಗೆ ಬಂದಾಗ ಆ ವೈರಿಗೆ ಆಧಾರವಾಗಿ ಸಿಕ್ಕಿದ್ದು ಮುನಿನಾರಾಯಣಪ್ಪನವರ ತೆಂಗಿನ ಮರಗಳು. ಅವರು ಮರಕ್ಕೆ ಬಾಡಿಗೆ ಕೇಳಲಿಲ್ಲ. ಪುಕ್ಕಟೆ ಕನೆಕ್ಷನ್ನೂ ಕೇಳಲಿಲ್ಲ.

"ನಿನ್ನ ಚಾನೆಲ್ಲಲ್ಲಿ ನಾನೂ ಏನಾದ್ರೂ ಮಾತಾಡ್ಬೇಕಲ್ಲಪ್ಪ" ಎಂದರು.

"ಏನ್ ಮಾತಾಡ್ತೀರಾ ಅಣ್ಣ?"

"ಎಮ್ಮೆ ಬಗ್ಗೆ."

ಅಸ್ಗರ್ ಮರ ನೋಡಿದ, ವೈರು ನೋಡಿದ. "ಎಮ್ಮೆ ಬಗ್ಗೆ ಬ್ಯಾಡ ಅಣ್ಣ. ಪಬ್ಲಿಕ್ ಸಿನಿಮಾ ಕೇಳ್ತದೆ. ಸಿನಿಮಾ ಬಗ್ಗೆ ಮಾತಾಡಿ."

ಹೀಗೆ ಪ್ರತಿ ಶುಕ್ರವಾರ ಸಂಜೆ, ಸೀರೆ ಅಂಗಡಿಯ ಮತ್ತು ಬೋರ್‌ವೆಲ್ ಕೊರೆಯುವವರ ಜಾಹೀರಾತುಗಳ ನಡುವೆ, ಮುನಿನಾರಾಯಣಪ್ಪನವರು ಕಾಣಿಸಿಕೊಳ್ಳತೊಡಗಿದರು. ಹಿಂದೆ ಹೆಂಡತಿ ಮುನಿಗಂಗಮ್ಮನ ನವಿಲಿನ ಚಿತ್ರದ ಬೆಡ್‌ಶೀಟು. ಮುಂದೆ ಒಂದು ಪ್ಲಾಸ್ಟಿಕ್ ಗುಲಾಬಿ. ಕಲೆಯ ಮಾತು ಅವರಿಗೆ ಬರುತ್ತಿರಲಿಲ್ಲ, ದನದ ಮಾತು ಬರುತ್ತಿತ್ತು. ಆದ್ದರಿಂದ ಹೀರೋ ನಡಿಗೆ ಸರಿಯಿಲ್ಲ, ಹಿಂಗಾಲು ಎಳೆಯುತ್ತಾನೆ ಎನ್ನುವರು. ಹೀರೋಯಿನ್ನಿಗೆ ಮೈ ಇದೆ, ಕಳೆ ಇಲ್ಲ ಎನ್ನುವರು. ಕೊನೆಗೆ ತೀರ್ಪು: 'ಕೊಳ್ಳಬಹುದು', ಇಲ್ಲವೇ 'ಸಂತೆಯಲ್ಲೇ ಬಿಟ್ಟುಬನ್ನಿ'. ಕೆ.ಆರ್. ಪುರದವರೆಗೆ ಜನ ಊಟದ ತಟ್ಟೆ ಹಿಡಿದು ಕೇಳುತ್ತಿದ್ದರು. ಮುನಿನಾರಾಯಣಪ್ಪನವರು ಬಸ್ಸಿನಲ್ಲಿ ಹೋದರೆ ಕಂಡಕ್ಟರು ಕಿಟಕಿ ಪಕ್ಕದ ಸೀಟು ಬಿಡಿಸಿಕೊಡುತ್ತಿದ್ದ. ಮನುಷ್ಯನಿಗೆ ಇನ್ನೇನು ಬೇಕು.

ಆದರೆ ಈ ವಿಮರ್ಶೆಗೆ ಬುಡದಲ್ಲೇ ಒಂದು ಕೊರತೆ ಇತ್ತು. ಅದು ಮುನಿಗಂಗಮ್ಮನಿಗೆ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಅವರ ಮನೆಯ ಎಮ್ಮೆ ಮುನಿನಾರಾಯಣಪ್ಪನವರ ಕೈ ಬಿಟ್ಟು ಬೇರೆಯವರ ಕೈಗೆ ಹಾಲು ಇಳಿಸುತ್ತಿರಲಿಲ್ಲ. ಮುನಿಗಂಗಮ್ಮ ಗಂಡನ ಅಂಗಿ ತೊಟ್ಟು, ತಲೆಗೆ ಟವೆಲು ಸುತ್ತಿ ಕೂತು ನೋಡಿದ್ದಳು. ಎಮ್ಮೆ ಒಂದು ಸಲ ಮೂಸಿ, ಬಕೆಟ್ಟು ಒದ್ದಿತ್ತು. ಶುಕ್ರವಾರದ ಮ್ಯಾಟಿನಿ ಹಲಸೂರಿನ ಟಾಕೀಸಿನಲ್ಲಿ. ಅಲ್ಲಿಂದ ಬಾಣಸವಾಡಿ ಮೇಲಿನ ಬಸ್ಸು ಹಿಡಿದು, ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆ ಸೇರಬೇಕಾದರೆ ಇಂಟರ್‌ವೆಲ್ಲಿನಲ್ಲಿ ಎದ್ದು ಬರದೆ ಗತ್ಯಂತರವಿರಲಿಲ್ಲ. ಹಾಗಾಗಿ ಅವರು ವಿಮರ್ಶೆ ಮಾಡಿದ ಅಷ್ಟೂ ವರ್ಷಗಳಲ್ಲಿ ಒಂದೇ ಒಂದು ಸಿನಿಮಾದ ಕೊನೆಯನ್ನೂ ನೋಡಲಿಲ್ಲ. ಮುಂದಿನದನ್ನು ಬಸ್ಸಿನಲ್ಲಿ ಕೂತು ಊಹಿಸುತ್ತಿದ್ದರು.

ಆ ಕಾಲಕ್ಕೆ ಊಹೆ ನಡೆಯಿತು. ವರ್ಷ ಕಳೆದಂತೆ ಒಂದೊಂದೇ ತೀರ್ಪು ಹುಳಿಯಾಗತೊಡಗಿತು. ಒಬ್ಬ ಹೊಸ ಹುಡುಗನ ಮೊದಲ ಚಿತ್ರ ನೋಡಿ, "ಇವನಿಗೆ ಓಡೋಕೂ ಬರಲ್ಲ, ಅಳೋಕೂ ಬರಲ್ಲ. ಅಪ್ಪನ ಜಮೀನಿದ್ದರೆ ಹೋಗಿ ನೋಡಿಕೊಳ್ಳಲಿ" ಎಂದಿದ್ದರು. ಅವನು ಸೆಕೆಂಡ್ ಹಾಫಿನಲ್ಲಿ ಓಡಿಯೂ ಇದ್ದ, ಅತ್ತೂ ಇದ್ದ. ಈಗ ಅವನ ಸಿನಿಮಾ ಬಂದಾಗಲೆಲ್ಲ ಹೊರಮಾವಿನ ಸರ್ಕಲ್ಲಿನಲ್ಲಿ ಮನೆಯೆತ್ತರದ ಕಟೌಟಿಗೆ ಹಾಲು ಸುರಿಯುತ್ತಾರೆ. ಮುನಿನಾರಾಯಣಪ್ಪನವರು ಆ ವಾರವೆಲ್ಲ ಕೆರೆಯ ಕಡೆಯಿಂದ ಸುತ್ತಿಕೊಂಡು ಹೋಗುತ್ತಾರೆ. ಇನ್ನೊಂದು ಚಿತ್ರವನ್ನು "ಹೆಂಡತಿ ಮಕ್ಕಳನ್ನು ಕರಕೊಂಡು ಹೋಗಿ, ಹೊಟ್ಟೆ ತುಂಬ ನಗಬಹುದು" ಎಂದು ಶಿಫಾರಸು ಮಾಡಿದ್ದರು. ಅದರಲ್ಲಿ ಇಂಟರ್‌ವೆಲ್ಲಾದ ಮೇಲೆ ಹೀರೋಯಿನ್ನಿಗೆ ಕ್ಯಾನ್ಸರು. ಅವರ ಮಾತು ಕೇಳಿ ಸಂಸಾರ ಸಮೇತ ಹೋದ ಚಂದ್ರಾಮಪ್ಪನ ಹೆಂಡತಿ ಎರಡು ದಿನ ಒಲೆ ಹಚ್ಚಲಿಲ್ಲ. ಒಂದು ಕೊಲೆಯ ಚಿತ್ರದಲ್ಲಂತೂ ಕೊಲೆಗಾರ ವಕೀಲನೇ ಎಂದು ಟಿವಿಯಲ್ಲಿ ಖಂಡಿತವಾಗಿ ಹೇಳಿದ್ದರು. ಆ ವಕೀಲ ಇಂಟರ್‌ವೆಲ್ ಮುಗಿದ ಕೂಡಲೇ ಕೊಲೆಯಾಗುತ್ತಾನೆ.

"ಪಾಪ, ತಾನೇ ಕೊಲೆ ಮಾಡ್ಕೊಂಡಿರ್ತಾನೆ ಬಿಡು" ಎಂದು ಚಂದ್ರಾಮಪ್ಪ ಟೀ ಅಂಗಡಿಯಲ್ಲಿ ಇವತ್ತಿಗೂ ಹೇಳುತ್ತಾನೆ. ಅವನು ಪಕ್ಕದ ಮನೆಯವನು, ಬಾಲ್ಯದ ಗೆಳೆಯ. ಬೇರೆ ಕೆಲಸವಿಲ್ಲ.

ಇದನ್ನೆಲ್ಲ ಮುನಿನಾರಾಯಣಪ್ಪನವರು ಸಹಿಸಿಕೊಂಡಿದ್ದರು. ಎರಡು ಸಾವಿರದ ಎಂಟರಲ್ಲಿ ಮಗಳು ಭವ್ಯಳಿಗೆ ಸಂಬಂಧ ಕೂಡಿಬಂತು. ಆಗ ಶುರುವಾಯಿತು ನಿಜವಾದ ಪಜೀತಿ.

ಭವ್ಯ ರಿಚರ್ಡ್ಸ್ ಟೌನಿನ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಬಂದ ಗಂಡುಗಳಿಗೆಲ್ಲ ಕೂಡಿ ಕಳೆದು ಸೊನ್ನೆ ಕೊಟ್ಟು ಕಳಿಸಿದವಳು, ಕಲ್ಕೆರೆಯ ಶ್ರೀನಾಥನನ್ನು ಮಾತ್ರ ಒಪ್ಪಿದ್ದಳು. ಹುಡುಗ ಕೆ.ಆರ್. ಪುರದಲ್ಲಿ ಪೈಪು, ನಲ್ಲಿಗಳ ಅಂಗಡಿ ಇಟ್ಟಿದ್ದ. ಮೊದಲ ಭೇಟಿಯಲ್ಲೇ ಇವರ ಅಡುಗೆಮನೆಯ ಸೋರುವ ನಲ್ಲಿಯನ್ನು ಯಾರೂ ಹೇಳದೆ ತಿರುಗಿಸಿ ನಿಲ್ಲಿಸಿದ್ದ. ಭವ್ಯ ಅದಕ್ಕೆ ಮನಸ್ಸಿನಲ್ಲೇ ನೂರಕ್ಕೆ ನೂರು ಕೊಟ್ಟಿರಬೇಕು.

ಹುಡುಗನ ತಂದೆ ಕೆಂಪರಾಜ್ ದಪ್ಪ ಮೀಸೆಯ, ಕಮ್ಮಿ ಮಾತಿನ ಮನುಷ್ಯ. ಮಾತುಕತೆಗೆ ಬಂದ ದಿನ ಮಿಕ್ಸ್ಚರ್ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದರು: "ನಮಗೆ ಒಡವೆ ವಸ್ತ್ರ ಏನೂ ಬೇಡಿ. ಸುಳ್ಳು ಹೇಳ್ಬಾರ್ದು, ಅಷ್ಟೇ. ಹೋದ ವರ್ಷ ಹೂಡಿ ಕಡೆ ಒಂದು ಸಂಬಂಧ ನೋಡಿದ್ವಿ. ಒಬ್ಬಟ್ಟು ಹುಡುಗೀನೇ ತಟ್ಟಿದ್ದು ಅಂದ್ರು. ಕೈ ತೊಳ್ಯೋಕೆ ಹಿತ್ತಲಿಗೆ ಹೋದ್ರೆ ಹೋಟ್ಲು ಡಬ್ಬ ಬಿದ್ದಿತ್ತು. ಎದ್ದು ಬಂದ್ಬಿಟ್ವಿ."

ಮುನಿಗಂಗಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತು ಅವಸರವಸರವಾಗಿ ಹೇಳಿದಳು: "ಮಿಕ್ಸ್ಚರು ಬೇಕ್ರೀದು. ಕೇಸರಿಬಾತು ನಾನು ಮಾಡಿದ್ದು. ಗೋಡಂಬಿ ಹುರಿದಿದ್ದು ಮಾತ್ರ ಅವಳು. ಅದರಲ್ಲೂ ಸ್ವಲ್ಪ ಸೀದಿತ್ತು, ತೆಗೆದುಹಾಕ್ದೆ."

ಕೆಂಪರಾಜ್ ಮೀಸೆಯಡಿಯಲ್ಲಿ ನಕ್ಕರು. ಆಮೇಲೆ ಮುನಿನಾರಾಯಣಪ್ಪನವರ ಮುಖವನ್ನೇ ನೋಡುತ್ತ, "ನೀವು ಅಸ್ಗರ್ ಕೇಬಲ್ಲಲ್ಲಿ ಬರ್ತಿದ್ರಲ್ಲ?" ಎಂದರು.

"ಬರ್ತಿದ್ದೆ. ಹಳೇ ಮಾತು."

"ಕಲ್ಕೆರೆ ಕಲಿ ಜ್ಞಾಪಕ ಇದೆಯಾ?"

ಅದು ಯಾವುದೋ ಬದನೆಯ ತಳಿ ಇರಬೇಕು ಎಂದುಕೊಂಡು ಮುನಿನಾರಾಯಣಪ್ಪನವರು, "ಇಲ್ದೇ ಏನು. ಈಗ ಆ ತಳಿ ಎಲ್ಲಿ ಸಿಗುತ್ತೆ" ಎನ್ನುವುದರಲ್ಲಿದ್ದರು. ಅಷ್ಟರಲ್ಲಿ ಕೆಂಪರಾಜ್, "ನಾನೇ ಹೀರೋ, ನಾನೇ ಪ್ರೊಡ್ಯೂಸರು. ತೊಂಬತ್ತೇಳರಲ್ಲಿ ಬಂತು. ಇಡೀ ಬೆಂಗಳೂರಲ್ಲಿ ಅದನ್ನ ಹೊಗಳಿದೋರು ನೀವೊಬ್ರೇ. ಕೊನೇ ಸೀನ್ ನೋಡಿ ಕಣ್ಣಲ್ಲಿ ನೀರು ಬಂತು ಅಂದಿದ್ರಿ" ಎಂದರು.

ಮುನಿಗಂಗಮ್ಮ ಅಡುಗೆಮನೆಯ ಬಾಗಿಲಿಂದ ಗಂಡನ ಕಡೆ ತಿರುಗಿದಳು.

"ಬಂತು" ಎಂದರು ಮುನಿನಾರಾಯಣಪ್ಪನವರು.

"ಅದನ್ನ ಸೀಡಿ ಮಾಡಿಸಿಟ್ಟಿದ್ದೀನಿ. ನಿಶ್ಚಿತಾರ್ಥದ ಸಂಜೆ ಪರದೆ ಕಟ್ಟಿ ನೆಂಟರಿಗೆಲ್ಲ ತೋರಿಸೋಣ. ಮುಗಿದ್ಮೇಲೆ ನೀವು ಕೊನೇ ಸೀನ್ ಬಗ್ಗೆ ನಾಲ್ಕು ಮಾತಾಡಿ. ಆಮೇಲೆ ತಟ್ಟೆ ಬದಲಾಯಿಸೋದು."

ಬೀಗರಾಗುವವರು ಕಾರು ಹತ್ತಿದ ಮೇಲೆ ಮುನಿಗಂಗಮ್ಮ ಗಂಡನ ಎದುರಿಗೆ ಬಂದು ನಿಂತಳು.

"ಯಾವ ಕೊನೇ ಸೀನು ರೀ?"

"ನನಗೇನು ಗೊತ್ತು."

"ಕಣ್ಣಲ್ಲಿ ನೀರು ಎಲ್ಲಿಂದ ಬಂತು ಮತ್ತೆ?"

"ಟಿವಿಯೋರು ಮುಖಕ್ಕೆ ಲೈಟ್ ಹಾಕ್ತಾರಲ್ಲ, ಗಂಗಾ."

"ಒಬ್ಬಟ್ಟಿನ ಡಬ್ಬಕ್ಕೆ ಎದ್ದು ಹೋದ ಜನ ಅವರು" ಎಂದಳು ಮುನಿಗಂಗಮ್ಮ. "ನಿಮ್ಮದು ಒಂದು ಲಾರಿ ಡಬ್ಬ."

ಮರುದಿನ ಬೆಳಿಗ್ಗೆಯೇ ಮುನಿನಾರಾಯಣಪ್ಪನವರು ಶಿವಾಜಿನಗರದ ಬಸ್ಸು ಹತ್ತಿದರು. ಅಂದು ತಾವು ಏನು ಹೇಳಿದ್ದೆವೆಂದು ಮೊದಲು ತಿಳಿಯಬೇಕಿತ್ತು. ಅಸ್ಗರ್ ಕೇಬಲ್ಲು ದೊಡ್ಡ ಕಂಪನಿಗಳ ಪಾಲಾಗಿ, ಈಗ ಅವನು ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಡಿಶ್ಶು, ಮೊಬೈಲ್ ಕವರು ಮಾರುತ್ತಿದ್ದ. ಹಳೆಯ ಕ್ಯಾಸೆಟ್ಟುಗಳು ಮನೆಯ ಅಟ್ಟದ ಮೇಲಿದ್ದವು. ಅವನ ಹೆಂಡತಿ ಕಮರುನ್ನೀಸಾ ಅವನ್ನು ಗೋಣಿಚೀಲದೊಂದಿಗೆ ಇಳಿಸಿಕೊಟ್ಟಳು, ಆದರೆ ಒಂದು ಕ್ಯಾಸೆಟ್ಟನ್ನು ಎದೆಗೆ ಒತ್ತಿಕೊಂಡು ನಿಂತಳು.

"ಇದು ನಮ್ಮ ಪರ್ವೀನ್ ಶಾದೀದು. ಇದು ಕೊಡಲ್ಲ."

"ಅಣ್ಣಂದು ಅದ್ರಲ್ಲೇ ಇರೋದು" ಎಂದ ಅಸ್ಗರ್ ತಲೆ ಕೆರೆಯುತ್ತ. "ಏನ್ ಮಾಡೋದು ಅಣ್ಣ, ತಂಗಿ ಮದುವೆ ಅರ್ಜೆಂಟಲ್ಲಿ ಖಾಲಿ ಕ್ಯಾಸೆಟ್ ಸಿಗ್ಲಿಲ್ಲ. ನಿಮ್ದು ಮೇಲೇನೇ ರೆಕಾರ್ಡ್ ಮಾಡ್ಬಿಟ್ಟೆ. ಮೊದಲು ಸ್ವಲ್ಪ ಉಳ್ದದೆ."

ಕ್ಯಾಸೆಟ್ಟು ಓಡಿತು. ಗೆರೆಗಳ ನಡುವಿನಿಂದ ನವಿಲಿನ ಬೆಡ್‌ಶೀಟು ಮೂಡಿತು, ಅದರ ಮುಂದೆ ಕರಿಗೂದಲಿನ ಮುನಿನಾರಾಯಣಪ್ಪನವರು. ತಮ್ಮನ್ನು ತಾವೇ ನೋಡಿ ಅವರಿಗೆ ಕೊಂಚ ಗೌರವ ಹುಟ್ಟಿತು.

"...ಕೊನೇ ಸೀನು ಕೇಳಿ" ಎನ್ನುತ್ತಿತ್ತು ಟಿವಿ. "ಮಗ ಜೈಲಿಂದ ಬರ್ತಾನೆ. ತಾಯಿ ಕಣದಲ್ಲಿ ರಾಗಿ ತೂರ್ತಾ ಇರ್ತಾಳೆ. ಬಾ ಅನ್ನಲ್ಲ, ಹೋಗು ಅನ್ನಲ್ಲ. ಒಂದು ಮೊರ ತಗೊಂಡು ಅವನ ಕೈಗೆ ಕೊಡ್ತಾಳೆ. ಅವನೂ ತೂರೋಕೆ ನಿಂತ್ಕೋತಾನೆ. ಅಷ್ಟರಲ್ಲಿ ಗಾಳಿ ನಿಂತೋಗುತ್ತೆ. ಇಬ್ರೂ ಮೊರ ಹಿಡ್ಕೊಂಡು, ಗಾಳಿ ಯಾವಾಗ ಬರುತ್ತೋ ಅಂತ..."

ಇಲ್ಲಿಗೆ ಬಿರಿಯಾನಿಯ ದೊಡ್ಡ ಹಂಡೆಯೊಂದು ಕಾಣಿಸಿಕೊಂಡು, ಪರ್ವೀನಳ ಮದುವೆ ಆರಂಭವಾಯಿತು.

"ಆ ದಿನ ನಂಗೆ ನೆನಪದೆ ಅಣ್ಣ" ಎಂದ ಅಸ್ಗರ್. "ಮುಂದಿನ ಪ್ರೋಗ್ರಾಂ ಕ್ಯಾಸೆಟ್ಟು ಸಿಕ್ಕಾಕ್ಕೊಂಡಿತ್ತು. ನಾನು ಕ್ಯಾಮೆರಾ ಹಿಂದಿಂದ ಎಳೀರಿ ಎಳೀರಿ ಅಂತ ಕೈ ತೋರಿಸ್ತಾ ಇದ್ದೆ. ನೀವು ಎಳೆದ್ರಿ. ಏನು ಎಳೆದ್ರಿ ಅಣ್ಣ. ನಾನೇ ಅತ್ಬಿಟ್ಟೆ."

ಮುನಿನಾರಾಯಣಪ್ಪನವರಿಗೆ ಈಗ ಎಲ್ಲ ನೆನಪಾಯಿತು. ಆ ಕಣ ಯಾವ ಸಿನಿಮಾದ್ದೂ ಅಲ್ಲ, ಅವರದೇ ಮನೆಯದು. ಹರೆಯದಲ್ಲಿ ಅಪ್ಪನೊಡನೆ ಜಗಳವಾಡಿ ಮನೆ ಬಿಟ್ಟುಹೋಗಿ, ಒಂದು ತಿಂಗಳಾದ ಮೇಲೆ ಹಸಿದುಕೊಂಡು ಹಿಂತಿರುಗಿದಾಗ ಅವರ ತಾಯಿ ಮಾಡಿದ್ದು ಅದನ್ನೇ. ಅಸ್ಗರ್ ಎಳೆಯಿರಿ ಎಂದು ಕೈ ಮಾಡಿದಾಗ ಬಾಯಿಗೆ ಬಂದದ್ದನ್ನು ಹೇಳಿದ್ದರು.

ಆದರೂ ಒಂದು ಆಸೆ ಉಳಿದಿತ್ತು. ಸಿನಿಮಾದಲ್ಲಿ ತಾಯಿ ಎನ್ನುವವಳು ಕೊನೆಗೆ ಎಲ್ಲಾದರೂ ಬಂದೇ ಬರುತ್ತಾಳೆ. ಅವಳ ಕೈಯಲ್ಲಿ ಮೊರದ ಬದಲು ಬೇರೇನೋ ಇದ್ದರೆ ಹೇಗೋ ಹೊಂದಿಸಬಹುದು. ಊರಲ್ಲಿ ಆ ಸಿನಿಮಾ ಪೂರ್ತಿ ನೋಡಿದವನು ಚಂದ್ರಾಮಪ್ಪ ಒಬ್ಬನೇ. ಅದೂ ಯಾರೋ ಟಿಕೆಟು ಪುಕ್ಕಟೆ ಹಂಚಿದ್ದಕ್ಕೆ. ಟೀ ಅಂಗಡಿಯಲ್ಲಿ ಅವನಿಗೆ ಎರಡು ಬನ್ನು ಕೊಡಿಸಿ, ಆಕಾಶ ನೋಡುತ್ತ ಮುನಿನಾರಾಯಣಪ್ಪನವರು ಕೇಳಿದರು:

"ಆ ಕಲ್ಕೆರೆ ಕಲಿ ಇತ್ತಲ್ಲೋ, ಕೊನೇಲಿ ಏನಾಗುತ್ತೆ?"

"ಕಲ್ಲುಕ್ವಾರೀಲಿ ಫೈಟು" ಎಂದ ಚಂದ್ರಾಮಪ್ಪ. "ಊರಿನ ಅರ್ಧ ಜನಾನೆಲ್ಲ ಹೊಡೀತಾನೆ. ಜೀಪು ಕ್ವಾರಿ ಒಳಕ್ಕೆ ಬೀಳುತ್ತೆ. ಪೂರ್ತಿ ಬೀಳಲ್ಲ, ಅಂಚಲ್ಲೇ ನಿಂತ್ಕೊಳತ್ತೆ. ಬಾಡಿಗೆ ಜೀಪು. ಆಮೇಲೆ ಶುಭಂ."

"ತಾಯಿ?"

"ಯಾವ ತಾಯಿ?"

"ಕಣ? ರಾಗಿ?"

"ಕ್ವಾರೀಲಿ ರಾಗಿ ಎಲ್ಲಿಂದ ಬರುತ್ತೋ ನಾರಾಣಪ್ಪ. ಜಲ್ಲಿ ಇತ್ತು." ಎರಡನೆಯ ಬನ್ನನ್ನು ಅರ್ಧಕ್ಕೆ ನಿಲ್ಲಿಸಿ ಚಂದ್ರಾಮಪ್ಪ ಗೆಳೆಯನ ಮುಖ ನೋಡಿದ. ಅವನ ಕಣ್ಣು ಮೆಲ್ಲಗೆ ಅಗಲವಾಯಿತು. "ಅಲ್ಲ, ನೀನು ಆ ಸಿನಿಮಾನ ಟಿವೀಲಿ ಹೊಗಳಿದ್ದೆಯಲ್ಲ. ನೋಡ್ಲಿಲ್ವಾ ನೀನು?"

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಮುಂದಿನ ದಿನಗಳಲ್ಲಿ ಮುನಿನಾರಾಯಣಪ್ಪನವರು ಸಿನಿಮಾ ನಿಲ್ಲಿಸಲು ಪಟ್ಟ ಪಾಡನ್ನು ಒಂದು ಸಿನಿಮಾ ತೆಗೆಯಲು ಪಟ್ಟಿದ್ದರೆ ಅದು ನೂರು ದಿನ ಓಡುತ್ತಿತ್ತು. ಮೊದಲು ಶಾಸ್ತ್ರಿಗಳ ಬಳಿ ಹೋಗಿ, ತಾಂಬೂಲದ ಮುಹೂರ್ತವನ್ನು ಸಂಜೆಯಿಂದ ಮಧ್ಯಾಹ್ನಕ್ಕೆ ಎಳೆಯಬಹುದೇ ಎಂದು ಕೇಳಿದರು. ರಾಹುಕಾಲ ಅಡ್ಡ ಬಂತು. ರಾಹುಕಾಲ ಮುಗಿದ ಮೇಲೆ ಎಂದರೆ ಕೆಂಪರಾಜ್ ಫೋನಿನಲ್ಲೇ ಶಾಸ್ತ್ರಿಗಳಿಂದ ಹಳೆಯ ಮುಹೂರ್ತ ಗಟ್ಟಿ ಮಾಡಿಸಿಕೊಂಡರು. ಆ ಸಂಜೆ ಕರೆಂಟು ಹೋಗುವಂತಿದ್ದರೆ ಚೆನ್ನಾಗಿತ್ತು ಎಂದು ಲೈನ್‌ಮನ್ನಿನ ಎದುರು ನಿಟ್ಟುಸಿರು ಬಿಟ್ಟರು. ಅದು ಹೇಗೋ ಕಲ್ಕೆರೆಗೆ ಮುಟ್ಟಿ, ಕೆಂಪರಾಜ್ "ಯೋಚನೆ ಮಾಡ್ಬೇಡಿ ಬೀಗರೇ, ಜನರೇಟರ್ ತರ್ತೀನಿ" ಎಂದು ಧೈರ್ಯ ತುಂಬಿದರು. ಕಡೆಗೆ ಹೆಂಡತಿಯ ಬಳಿ, ಅಂದು ನಿನಗೆ ತಲೆ ಸುತ್ತಿ ಬಂದರೆ ಹೇಗೆ ಎಂದು ಸೂಚನೆ ಕೊಟ್ಟರು.

"ನನಗ್ಯಾಕೆ ಬರ್ಬೇಕು? ನೀವೇ ಬೀಳಿ" ಎಂದಳು ಮುನಿಗಂಗಮ್ಮ.

ಭವ್ಯ ಪರೀಕ್ಷೆಯ ಪತ್ರಿಕೆಗಳನ್ನು ತಿದ್ದುತ್ತ ಕೂತಿದ್ದವಳು ತಲೆಯೆತ್ತದೆ ಹೇಳಿದಳು: "ಅಪ್ಪ, ಮೊದಲೇ ನಿಜ ಹೇಳ್ಬಿಡಿ."

"ಹೇಳಿದ್ರೆ ಎದ್ದು ಹೋಗ್ತಾರಮ್ಮ."

"ಹೇಳ್ದೇ ಇದ್ರೆ ಸಿನಿಮಾ ಮುಗಿದ್ಮೇಲೆ ಎದ್ದು ಹೋಗ್ತಾರೆ. ಹೆಂಗೆ ಮಾಡಿದ್ರೂ ಉತ್ತರ ಒಂದೇ." ಆಮೇಲೆ ಕೆಂಪು ಪೆನ್ನು ಕೆಳಗಿಟ್ಟು, "ಅವರು ಒಳ್ಳೆಯೋರು ಅಪ್ಪ" ಎಂದಳು. ಅದು ಯಾರ ಕುರಿತು ಎಂದು ಯಾರೂ ಕೇಳಲಿಲ್ಲ. ಮುನಿನಾರಾಯಣಪ್ಪನವರು ಎದ್ದು ಹೋಗಿ, ತುಂಬಿಯೇ ಇದ್ದ ಸಂಪನ್ನು ಮತ್ತೊಮ್ಮೆ ತೆಗೆದು ನೋಡಿದರು.

ನಿಶ್ಚಿತಾರ್ಥದ ಸಂಜೆ ಮನೆಯ ಮುಂದಿನ ಶಾಮಿಯಾನದಲ್ಲಿ ಎರಡು ಊರಿನ ನೆಂಟರು ತುಂಬಿದ್ದರು. ಬಿಳಿ ಪರದೆ ಕಟ್ಟಿತ್ತು. ಹೂವು, ಹಣ್ಣು, ಅರಿಶಿನ ಕುಂಕುಮ, ಎಲೆ ಅಡಿಕೆ ಇಟ್ಟ ತಟ್ಟೆಗಳು ಜಮಖಾನದ ಮೇಲೆ ಸಾಲಾಗಿ ಕೂತಿದ್ದವು. ಚಂದ್ರಾಮಪ್ಪ ಮೊದಲ ಸಾಲಿನಲ್ಲಿ, ಆ ದಿನಕ್ಕೆಂದೇ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಸುತ್ತಲಿನ ನಾಲ್ಕು ಜನಕ್ಕೆ "ಕೊನೇಲಿ ಇದೆ ಮಜ" ಎಂದು ಪಿಸುಗುಟ್ಟುತ್ತಿದ್ದ. ಕೆಂಪರಾಜ್ ಬೀಗರನ್ನು ತಮ್ಮ ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡರು.

ಸಿನಿಮಾ ಶುರುವಾಯಿತು. ಪರದೆಯ ಮೇಲೆ ತೆಳ್ಳಗಿನ ಕೆಂಪರಾಜ್ ಬುಲೆಟ್ಟಿನ ಮೇಲೆ ಬಂದರು, ಹೋದರು, ಮತ್ತೆ ಬಂದರು. ಒಂದು ಹಾಡಿನಲ್ಲಿ ಅಂಗಿ ಏಳು ಬಣ್ಣ ತಿರುಗಿತು. ಹೀರೋಯಿನ್ನಿಗೆ ಮಾತು ಬರುವ ಮೊದಲೇ ತುಟಿ ಮುಗಿಯುತ್ತಿತ್ತು. ಮಕ್ಕಳು ಪರದೆಯ ಹಿಂದೆ ಹೋಗಿ ಉಲ್ಟಾ ನೋಡಿಬಂದರು. ಹಿರಿಯರು ನೀರಿಗೆ ಎದ್ದರು, ಎಲೆ ಅಡಿಕೆಗೆ ಎದ್ದರು. ಕಲ್ಕೆರೆಯ ಅಜ್ಜಿಯೊಬ್ಬಳು ಗೊರಕೆ ಹೊಡೆದಳು. ಮುನಿನಾರಾಯಣಪ್ಪನವರು ಮಾತ್ರ ಅಲುಗಾಡದೆ, ಹಲ್ಲು ಕೀಳಿಸಲು ಕೂತವರಂತೆ ಕೂತಿದ್ದರು.

ಇಂಟರ್‌ವೆಲ್ ಎಂದು ಅಕ್ಷರ ಬಂದದ್ದೇ ತಡ, ಅವರ ಕಾಲುಗಳು ಯಾರನ್ನೂ ಕೇಳದೆ ಎದ್ದು ನಿಂತು ಗೇಟಿನ ಕಡೆ ನಾಲ್ಕು ಹೆಜ್ಜೆ ಹಾಕಿಬಿಟ್ಟವು. ಎಮ್ಮೆ ಹೋಗಿ ಎಷ್ಟೋ ವರ್ಷವಾಗಿತ್ತು. ಕಾಲುಗಳಿಗೆ ಅದು ತಿಳಿದಿರಲಿಲ್ಲ. ಕೆಂಪರಾಜ್ ಹಿಂದಿನಿಂದ ಬಂದು ರಟ್ಟೆ ಹಿಡಿದರು.

"ಎಲ್ಲಿಗೆ ಬೀಗರೇ? ಈಗಲ್ವೇ ನಿಮ್ಮ ಭಾಗ ಬರೋದು."

ಬೋಂಡ ಹಂಚಿದರು. ಮುನಿನಾರಾಯಣಪ್ಪನವರು ತಮ್ಮ ಬೋಂಡವನ್ನು ಅಂಗೈಯಲ್ಲಿ ಇಟ್ಟುಕೊಂಡೇ ತಮ್ಮ ಬದುಕಿನ ಮೊದಲ ಸೆಕೆಂಡ್ ಹಾಫು ನೋಡಿದರು. ಕ್ವಾರಿ ಬಂತು. ಚಂದ್ರಾಮಪ್ಪ ಹೇಳಿದ್ದ ಒಂದು ಹೊಡೆತವೂ ತಪ್ಪಲಿಲ್ಲ. ಜೀಪು ಬಾಡಿಗೆ ಗಾಡಿಯ 'ಟಿ-ಬೋರ್ಡು' ಕಾಣುವಂತೆ ಅಂಚಿನಲ್ಲಿ ನಿಂತಿತು. ಚಂದ್ರಾಮಪ್ಪ ಹಿಂದಕ್ಕೆ ತಿರುಗಿ, "ಮುಗೀತು, ಇನ್ನು ಶುಭಂ" ಎಂದು ಗಟ್ಟಿಯಾಗಿಯೇ ಹೇಳಿದ. ಹೆಂಗಸರ ಸಾಲಿನಲ್ಲಿ ಮುನಿಗಂಗಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು. ಭವ್ಯ ಜಮಖಾನದ ಮೇಲಿನ ತಟ್ಟೆಗಳನ್ನೇ ನೋಡುತ್ತಿದ್ದಳು.

ಶುಭಂ ಬರಲಿಲ್ಲ.

ಪರದೆ ಒಂದು ಗಳಿಗೆ ಕಪ್ಪಾಗಿ, ಆಮೇಲೆ ಬೇರೆಯೇ ಬಣ್ಣದ, ಕೊಂಚ ಮಸುಕಾದ ಚಿತ್ರ ಮೂಡಿತು. ಸಗಣಿ ಸಾರಿಸಿದ ಕಣ. ರಾಗಿಯ ರಾಶಿ. ಒಬ್ಬ ಮುದುಕಿ ಮೊರ ಎತ್ತಿ ತೂರುತ್ತಿದ್ದಾಳೆ. ದೂರದಲ್ಲಿ ಕೆಂಪರಾಜ್ ಬಂದು ನಿಂತರು. ಮುದುಕಿ ನೋಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಬಗ್ಗಿ ಇನ್ನೊಂದು ಮೊರ ತೆಗೆದು ಕೊಟ್ಟಳು. ಇಬ್ಬರೂ ತೂರಿದರು. ಹೊಟ್ಟು ಹಾರುತ್ತಿದ್ದದ್ದು ನೆಟ್ಟಗೆ ಕೆಳಗೆ ಬೀಳತೊಡಗಿತು. ಗಾಳಿ ನಿಂತಿತ್ತು. ಮುದುಕಿ ಮೊರವನ್ನು ಸೊಂಟಕ್ಕೆ ಆನಿಸಿ, ಮೋಡದ ಕಡೆ ಮುಖ ಮಾಡಿ ಕಾದಳು. ಮಗನೂ ಕಾದ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವಳ ಸೆರಗು ಮೆಲ್ಲಗೆ ಅಲುಗಿತು.

ಗೊರಕೆ ಹೊಡೆಯುತ್ತಿದ್ದ ಅಜ್ಜಿ ಎದ್ದು ಕೂತಿದ್ದಳು. ಚಂದ್ರಾಮಪ್ಪ ಬಾಯಿ ತೆರೆದವನು ಮುಚ್ಚಿರಲಿಲ್ಲ. ಮುನಿನಾರಾಯಣಪ್ಪನವರ ಅಂಗೈಯ ಬೋಂಡ ಹಿಟ್ಟಾಗಿತ್ತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವರಿಗೆ ಮೊದಲು ಬಂದ ಯೋಚನೆ ತಮಗೆ ದಿವ್ಯದೃಷ್ಟಿ ಇರಬೇಕು ಎಂಬುದೇ. ಟಿವಿಯಲ್ಲಿ ಬಂದು ಹೋದವರಿಗೆ ಅದು ಸಹಜ.

ಕೆಂಪರಾಜ್ ಅವರ ಕಿವಿಯ ಬಳಿ ಬಗ್ಗಿದರು.

"ಆ ಶುಕ್ರವಾರ ಥಿಯೇಟರ್ ಗೇಟಲ್ಲೇ ನಿಂತಿದ್ದೆ ಬೀಗರೇ. ಇಂಟರ್‌ವೆಲ್ಲಲ್ಲಿ ಒಬ್ರು ಓಡ್ಕೊಂಡ್ ಬಂದು ಬಸ್ ಹತ್ತಿದ್ರು. ಟಿವಿಯೋರು ಅಂತ ಗುರ್ತು ಸಿಕ್ತು. ಸಂಜೆ ಉಗೀತಾರೆ ಅಂತ ಬಾಗಿಲು ಹಾಕ್ಕೊಂಡು ಟಿವಿ ಹಚ್ಚಿದ್ರೆ, ನಾನು ತೆಗೀದೇ ಇರೋ ಸೀನ್ ಹೇಳ್ತಾ ಇದ್ದೀರಿ."

ಮುನಿನಾರಾಯಣಪ್ಪನವರ ದಿವ್ಯದೃಷ್ಟಿ ಅಲ್ಲಿಗೇ ಮುಗಿಯಿತು.

"ಸಿನಿಮಾ ವಾರಕ್ಕೆ ಡಬ್ಬ ಸೇರ್ತು. ಸುಮ್ನೆ ಕೂತ್ರೆ ನಿಮ್ಮ ಸೀನೇ ಕಣ್ಮುಂದೆ. ಸುಗ್ಗಿ ಬಂತು. ಕ್ಯಾಮೆರಾದೋನನ್ನ ಕರ್ಕೊಂಡ್ ಬಂದು ನಮ್ಮ ಕಣದಲ್ಲೇ ತೆಗ್ದೆ. ಆಕ್ಟರ್ ಕರೆಸೋ ಯೋಗ್ಯತೆ ಉಳಿದಿರ್ಲಿಲ್ಲ, ನಮ್ಮಮ್ಮನ್ನೇ ನಿಲ್ಲಿಸ್ದೆ. ಆಕ್ಟ್ ಮಾಡೋಕ್ ಬರಲ್ಲ ಕಣೋ ಅಂದ್ಲು. ಮಾಡ್ಬೇಡ, ರಾಗಿ ತೂರು ಅಂದೆ. ಗಾಳಿ ನಿಂತಾಗ ಕ್ಯಾಮೆರಾದೋನು ಕಟ್ ಅಂದ. ಅವಳಿಗೆ ಕಟ್ ಅಂದ್ರೆ ಏನು ಗೊತ್ತು, ಗಾಳಿಗೆ ಕಾಯ್ತಾ ನಿಂತೇ ಇದ್ಲು. ಅವನು ಮತ್ತೆ ಓಡಿಸ್ದ." ಕೆಂಪರಾಜ್ ಮೀಸೆ ಒರೆಸಿಕೊಂಡರು. "ಮಾಲೂರು, ಮುಳಬಾಗಿಲು ಕಡೆ ಇದನ್ನ ಸೇರಿಸಿ ಹಾಕಿದ್ವಿ. ಜನ ಕೂತು ನೋಡಿದ್ರು. ಆಮೇಲೆ ಅಮ್ಮ ಹೋದ್ಲು. ಫೋಟೋ ಇದಾವೆ. ಆದ್ರೆ ಅವಳು ಓಡಾಡೋದು ನೋಡ್ಬೇಕು ಅಂದ್ರೆ ಇದೊಂದೇ."

"ಸುಳ್ಳು ಹೇಳೋರ ಮನೆ ಹೆಣ್ಣು ಬೇಡ ಅಂದ್ರಲ್ಲ" ಎಂದರು ಮುನಿನಾರಾಯಣಪ್ಪನವರು, ತಮ್ಮ ವಿರುದ್ಧ ತಾವೇ.

"ಸುಳ್ಳೆಲ್ಲಿ? ತೆರೆ ಮೇಲಿತ್ತಲ್ಲ. ಕೈಯಿಂದ ಖರ್ಚು ಮಾಡಿ ನಿಜ ಮಾಡಿದೀನಿ." ಕೆಂಪರಾಜ್ ಮೈಕು ತೆಗೆದು ಬೀಗರ ಕೈಗಿತ್ತರು. "ಅವತ್ತು ಅರ್ಧ ನೋಡಿ ಹೇಳಿದ್ರಿ. ಇವತ್ತು ಪೂರ್ತಿ ನೋಡಿದೀರಿ. ಈಗ ಹೇಳಿ. ಸುಳ್ಳು ಬೇಡ."

ಮುನಿನಾರಾಯಣಪ್ಪನವರು ಎದ್ದು ನಿಂತು, ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ಮೈಕನ್ನು ಎರಡು ಸಲ ಊದಿದರು. ಎದುರಿಗೆ ಹೆಂಡತಿ, ಮಗಳು, ಭಾವೀ ಅಳಿಯ, ತಟ್ಟೆಗಳ ಸಾಲು. ಸಿನಿಮಾ ಪೂರ್ತಿ ನೋಡಿ ತೀರ್ಪು ಕೊಡುವುದು ಎಷ್ಟು ಜವಾಬ್ದಾರಿಯ ಕೆಲಸವೆಂದು ಅವರಿಗೆ ಆಗ ಅರಿವಾಯಿತು.

"ಕೊನೇ ಸೀನು..." ಎಂದು ಶುರು ಮಾಡಿ, ಪರದೆಯ ಕಡೆ ಒಮ್ಮೆ ತಿರುಗಿ ನೋಡಿದರು. ಕೆಮ್ಮಿಕೊಂಡರು. "ಕೊನೇ ಸೀನಿನ ಬಗ್ಗೆ ನಾನು ಆಗಲೇ ಹೇಳಿಯಾಗಿದೆ. ಅದಕ್ಕಿಂತ ಜಾಸ್ತಿ ಹೇಳೋಕೆ ಬರಲ್ಲ. ಆ ತಾಯಿಗೆ ನಮಸ್ಕಾರ."

ಹೆಂಗಸರ ಕಡೆ ಯಾರೋ ಮೂಗು ಒರೆಸಿಕೊಂಡರು. ಮುನಿಗಂಗಮ್ಮ ಉಸಿರು ಬಿಟ್ಟಳು. ಅಲ್ಲಿಗೇ ಕೂತಿದ್ದರೆ ಚೆನ್ನಾಗಿತ್ತು.

"ಆದ್ರೆ ಬೀಗರು ನಿಜ ಹೇಳಿ ಅಂದಿದಾರೆ" ಎಂದು ಮುನಿನಾರಾಯಣಪ್ಪನವರು ಮುಂದುವರಿಸಿದರು. "ಈ ಸಿನಿಮಾದಲ್ಲಿ ಇಂಟರ್‌ವೆಲ್ ತನಕ ಇರೋದು ಏನೂ ಬೇಕಾಗಿಲ್ಲ. ಅದನ್ನ ಸಂತೆಯಲ್ಲೇ ಬಿಟ್ಟುಬರಬಹುದಿತ್ತು. ಅದರಲ್ಲೂ ಹೀರೋ ನಡಿಗೆ..."

ಭವ್ಯ ಕಣ್ಣು ಮುಚ್ಚಿಕೊಂಡಳು. ಕಲ್ಕೆರೆಯ ನೆಂಟರೆಲ್ಲ ಕೆಂಪರಾಜರ ಮೀಸೆಯ ಕಡೆ ತಿರುಗಿದರು. ಮೀಸೆ ಒಂದು ಸಲ ಅದುರಿತು, ಇನ್ನೊಂದು ಸಲ ಅದುರಿತು. ಆಮೇಲೆ ಅದರ ಹಿಂದಿನಿಂದ ನಗು ತಡೆಯಲಾರದೆ ಹೊರಬಿತ್ತು. ಅವರು ಎದ್ದು ಬಂದು ಬೀಗರ ಕೈಯಿಂದ ಮೈಕು ಕಿತ್ತುಕೊಂಡರು.

"ಶಾಸ್ತ್ರಿಗಳೇ, ತಟ್ಟೆ ತಗೊಳ್ಳಿ ಬೇಗ" ಎಂದರು ಅದರಲ್ಲೇ. "ಇವರು ಸೆಕೆಂಡ್ ಹಾಫ್ ಶುರು ಮಾಡೋಕೆ ಮುಂಚೆ ಬದಲಾಯಿಸಿಬಿಡೋಣ."